ರೇಸ್ ಕೊಟ್ಟರೆ ನಿಲ್ಲುತ್ತಿದ್ದ ಆ ಸುಯ್ ಸದ್ದು

ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. ಎಡೆಯೂರಿಗೆ ಹೋಗಿ ಬಂದ ಭಾನುವಾರ ಸಂಜೆ ಅದು. ಬೆಂಗಳೂರಿನ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿದ್ದೆ, ಇಂಜಿನ್ ಇನ್ನೂ ಆಫ್ ಮಾಡಿರಲಿಲ್ಲ, ಪ್ರಸಾದದ ಚೀಲ ಹಿಡಿದು ಇಳಿದ ಅಮ್ಮ ಬಾನೆಟ್ ಹತ್ತಿರ ಹಾಗೇ ನಿಂತುಬಿಟ್ಟರು. "ಏನೋ ಇದು, ಕುಕ್ಕರ್ ಕೂಗೋಕೆ ಮುಂಚೆ ಸುಯ್ ಅನ್ನತ್ತಲ್ಲ, ಥೇಟ್ ಹಂಗೇ ಬರ್ತಿದೆಯಲ್ಲ?" ಅಂದರು. ಕಿಟಕಿ ಇಳಿಸಿ ಕಿವಿಗೊಟ್ಟೆ. ಹೌದು. ಸಣ್ಣಗೆ, ಒಂದೇ ಸಮನೆ, ಸೈಕಲ್ ಟ್ಯೂಬಿನ ವಾಲ್ವ್ ಸಡಿಲವಾದಾಗ ಬರುವಂಥ ಸದ್ದು.

ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ. ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ, ಎಸಿ ಹಾಕಿ ಕಿಟಕಿ ಏರಿಸಿಕೊಂಡು ಕೂತರೆ ಇಂಥ ಸದ್ದು ಯಾರಿಗೂ ಕೇಳಲ್ಲ. ಬೇಸ್‌ಮೆಂಟಿನ ಗೋಡೆ ಅದನ್ನು ವಾಪಸ್ ತಂದುಕೊಟ್ಟಿದ್ದಕ್ಕೆ ಗೊತ್ತಾಯಿತು. ಆದರೆ ಒಂದು ವಿಷಯ ನಾನು ಗಮನಿಸಿದ್ದೆ, ಗಮನಿಸಿಯೂ ಸುಮ್ಮನಿದ್ದೆ: ಕೆಲವು ವಾರಗಳಿಂದ ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ನಲ್ಲಿ ನಿಂತಾಗ ಆರ್‌ಪಿಎಂ ಮುಳ್ಳು 750ರ ಬದಲು 1000 ದಾಟಿ ನಿಲ್ಲುತ್ತಿತ್ತು, ಫಸ್ಟ್ ಗೇರಿನಲ್ಲಿ ಕಾಲು ತೆಗೆದರೂ ಕಾರು ಸ್ವಲ್ಪ ಜಾಸ್ತಿಯೇ ಮುಂದಕ್ಕೆ ತಳ್ಳುತ್ತಿತ್ತು. ಕಾರು 2014ರದ್ದು, 1.2 ಲೀಟರ್ ಪೆಟ್ರೋಲ್, 92 ಸಾವಿರ ಕಿಲೋಮೀಟರ್ ಓಡಿದೆ. ವಯಸ್ಸಾಯಿತು, ಇರಲಿ ಅಂದುಕೊಂಡಿದ್ದೆ.

ಮುಂದಿನ ಶನಿವಾರ ಒಂದು ಸರ್ವೀಸ್ ಸೆಂಟರಿಗೆ ತಗೊಂಡು ಹೋದೆ. ಹೆಸರು ಬೇಡ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದರು, ಆಮೇಲೆ ಎಸ್ಟಿಮೇಟ್ ಕೈಗೆ ಬಂತು: ಥ್ರಾಟಲ್ ಬಾಡಿ ಕ್ಲೀನಿಂಗ್, ನಾಲ್ಕು ಸ್ಪಾರ್ಕ್ ಪ್ಲಗ್, ಬೆಲ್ಟು, ಬೆಲ್ಟಿನ ಟೆನ್ಷನರ್, ಲೇಬರ್ ಸೇರಿ 11,400 ರೂಪಾಯಿ. ಇದರಲ್ಲಿ ಸದ್ದು ಮಾಡುತ್ತಿರುವುದು ಯಾವುದು ಅಂತ ಕೇಳಿದೆ. "ಒಂದೊಂದಾಗಿ ಮಾಡ್ತಾ ಹೋಗೋಣ ಸಾರ್, ಯಾವುದಕ್ಕೋ ಒಂದಕ್ಕೆ ಹೋಗತ್ತೆ" ಅಂದರು. ಕಾರು ವಾಪಸ್ ತಂದೆ. ಈ ಪದ್ಧತಿ ಮೇಲೆ ನನಗೆ ನಿಜವಾಗಿಯೂ ಕೋಪ ಇದೆ. ಸುಯ್ ಅನ್ನುವುದು ಗಾಳಿಯ ಸದ್ದು. ಎಲ್ಲೋ ಒಂದು ಕಡೆಯಿಂದ ಗಾಳಿಯೋ ಆವಿಯೋ ಹೋಗುತ್ತಿದೆ, ಅಥವಾ ಬರುತ್ತಿದೆ. ಅದು ಎಲ್ಲಿ ಅಂತ ಹುಡುಕುವ ಮೊದಲೇ ಪಾರ್ಟ್ ಬದಲಿಸುವುದು ಅಂದರೆ ನಮ್ಮ ದುಡ್ಡಿನಲ್ಲಿ ಅವರು ಊಹೆ ಮಾಡಿದಂತೆ ಅಲ್ವಾ?

ಮನೆಯಲ್ಲೇ ಎರಡು ಅನುಮಾನ ಕಳೆದುಕೊಂಡೆ. ಒಂದು ಎಸಿ. ಎಸಿ ಆಫ್ ಮಾಡಿದ ಮೇಲೆ ಡ್ಯಾಶ್‌ಬೋರ್ಡ್ ಒಳಗಿಂದ ಸ್ವಲ್ಪ ಹೊತ್ತು ಸುಯ್ ಅಂತ ಬರುವುದು ಮಾಮೂಲಿ, ಜಾಸ್ತಿ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಗ್ಯಾಸ್ ಹರಿದು ಸಮ ಆಗುವ ಸದ್ದು ಅದು. ನನ್ನದು ಎಸಿ ಇದ್ದರೂ ಇಲ್ಲದಿದ್ದರೂ ಬರುತ್ತಿತ್ತು. ಇನ್ನೊಂದು ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ. ಇದಕ್ಕೆ ನಾನು ಹೆಚ್ಚು ಹೆದರಿದ್ದೆ, ಯಾಕೆಂದರೆ ಎಲ್ಲಾದರೂ ಸೋರಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಇದೇ ಥರ ಸುಯ್ಯೆನ್ನುತ್ತದೆ, ಗಮನಿಸದಿದ್ದರೆ ಇಂಜಿನ್ನೇ ಹೋಗುತ್ತದೆ. ಕೂಲೆಂಟ್ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ಮೂರು ದಿನ ಬೆಳಗ್ಗೆ, ಇಂಜಿನ್ ತಣ್ಣಗಿದ್ದಾಗ ನೋಡಿದೆ. ಒಂದು ಚೂರೂ ಇಳಿದಿರಲಿಲ್ಲ. ಸಿಹಿ ವಾಸನೆಯೂ ಇಲ್ಲ, ಆವಿಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕೂಲೆಂಟ್ ಸದ್ದು ಇಂಜಿನ್ ಕಾದ ಮೇಲೆ ಬರುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ನನ್ನದು ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಕ್ಷಣಕ್ಕೇ ಶುರು, ಕೀ ತಿರುಗಿಸಿದ ಕ್ಷಣಕ್ಕೇ ಬಂದ್. (ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅಷ್ಟು ಬಾರ್ ಒತ್ತಡ ಒಳಗೆ ನಿಂತಿರುತ್ತದೆ. ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೆ ಕುದಿಯುತ್ತದೆ, ಆ ಮುಚ್ಚಳದ ಕೆಳಗೆ 120ರ ಹತ್ತಿರ ಹೋದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ತಕ್ಷಣ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ.)

ಕಾಮಾಕ್ಷಿಪಾಳ್ಯದಲ್ಲಿ ಒಬ್ಬರು ಮೆಕ್ಯಾನಿಕ್ ಇದ್ದಾರೆ, ಅಪ್ಪನ ಕಾಲದಿಂದ ನಮ್ಮ ಮನೆಯ ಗಾಡಿ ನೋಡುತ್ತಿರುವವರು. ಅವರ ಹತ್ತಿರ ಹೋದಾಗ ಯಾವ ಸ್ಪ್ಯಾನರೂ ಎತ್ತಿಕೊಳ್ಳಲಿಲ್ಲ. ಕೈಯನ್ನು ವೇಸ್ಟ್ ಬಟ್ಟೆಗೆ ಒರೆಸಿಕೊಳ್ಳುತ್ತಾ ಬಾನೆಟ್ ಮೇಲೆ ಬಾಗಿ ನಿಂತು, "ರೇಸ್ ಕೊಡಿ" ಅಂದರು. ಕೊಟ್ಟೆ. "ಬಿಡಿ." ಬಿಟ್ಟೆ. "ಇನ್ನೊಂದ್ಸಲ." ಮೂರನೇ ಸಲಕ್ಕೆ ನನಗೂ ಕೇಳಿಸಿತು: ಎಕ್ಸಿಲರೇಟರ್ ಒತ್ತಿದ ತಕ್ಷಣ ಸುಯ್ ಮಾಯ. ಕಾಲು ತೆಗೆದ ತಕ್ಷಣ ಒಂದು ಕ್ಷಣ ಮೊದಲಿಗಿಂತ ಜೋರಾಗಿ ಬಂದು, ಆಮೇಲೆ ಮತ್ತೆ ಮೊದಲಿನ ಹಾಗೆ.

"ಗಾಳಿ ಎಳ್ಕೊಳ್ತಿದೆ ಸಾರ್. ಎಕ್ಸಾಸ್ಟ್ ಲೀಕ್ ಆಗಿದ್ರೆ ರೇಸ್ ಕೊಟ್ಟಷ್ಟೂ ಜಾಸ್ತಿ ಆಗ್ಬೇಕಿತ್ತು. ಇದು ಉಲ್ಟಾ."

ಈ ಒಂದು ಪರೀಕ್ಷೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಪೆಟ್ರೋಲ್ ಇಂಜಿನ್ನಿನಲ್ಲಿ ನಾವು ಕಾಲು ತೆಗೆದಾಗ ಗಾಳಿ ಬರುವ ಬಾಗಿಲು, ಅಂದರೆ ಥ್ರಾಟಲ್, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗೆ ಪಿಸ್ಟನ್ನುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಥ್ರಾಟಲ್ ಮತ್ತು ಸಿಲಿಂಡರುಗಳ ನಡುವಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್, ಅಂದರೆ ಹೊರಗಿಗಿಂತ ಕಡಿಮೆ ಒತ್ತಡ, ಉಂಟಾಗುತ್ತದೆ. ಅಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ, ಸುಯ್ ಅನ್ನುವುದು ಆ ನುಗ್ಗುವ ಸದ್ದು. ರೇಸ್ ಕೊಟ್ಟರೆ ಬಾಗಿಲು ತೆರೆಯುತ್ತದೆ, ವ್ಯಾಕ್ಯೂಮ್ ಬೀಳುತ್ತದೆ, ಸದ್ದು ಅಡಗುತ್ತದೆ. ವೇಗವಾಗಿ ತಿರುಗುತ್ತಿರುವ ಇಂಜಿನ್ನಿನ ಬಾಗಿಲು ತಟ್ಟನೆ ಮುಚ್ಚಿದಾಗ ಎಳೆತ ಎಲ್ಲಕ್ಕಿಂತ ಜಾಸ್ತಿ, ಆಗಲೇ ಆ ಜೋರು ಸದ್ದು. ಎಕ್ಸಾಸ್ಟ್ ಲೀಕ್, ಅಂದರೆ ಹೊಗೆ ಹೊರಹೋಗುವ ದಾರಿಯ ಸೋರಿಕೆ, ಹೀಗಲ್ಲ, ಅದು ಪುಸ್ ಪುಸ್ ಅಂತ ತಾಳಕ್ಕೆ ಬಿದ್ದಂತೆ ಬರುತ್ತದೆ, ರೇಸಿನ ಜೊತೆ ಏರುತ್ತದೆ. ಟರ್ಬೊ ಗಾಡಿಗಳಲ್ಲಿ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ, ಏನೂ ಇಲ್ಲದೆ, ಲೋಡ್ ಬಿದ್ದು ಟರ್ಬೊ ಗಾಳಿ ತಳ್ಳುವಾಗ ಮಾತ್ರ ಸುಯ್ಯೆಂದರೆ ಆ ಗಾಳಿಯನ್ನು ಇಂಜಿನ್ನಿಗೆ ಒಯ್ಯುವ ಇಂಟರ್‌ಕೂಲರ್ ಪೈಪುಗಳ ಕಡೆ ನೋಡಬೇಕು. ಅಮ್ಮನಿಗೆ ರಾತ್ರಿ ಹೇಳಿದೆ, ನೀನು ಹೇಳಿದ್ದು ಸರಿ, ಕುಕ್ಕರೇ, ಆದರೆ ಹೊರಗಿನದು ಒಳಗೆ ಹೋಗುವ ಕುಕ್ಕರ್ ಅಂತ.

ನನ್ನ ಹತ್ತಿರ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ಇತ್ತು, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಇಂಜಿನ್ ಸೆನ್ಸರುಗಳ ಲೆಕ್ಕವನ್ನು ಫೋನಿನಲ್ಲಿ ನೋಡುವಂಥದ್ದು. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಒತ್ತಡ 91 ಕಿಲೋ ಪ್ಯಾಸ್ಕಲ್ ತೋರಿಸಿತು. ವಿಡಿಯೋಗಳಲ್ಲಿ ಎಲ್ಲರೂ 101 ಇರಬೇಕು ಅನ್ನುತ್ತಾರೆ. ಸೆನ್ಸರ್ ಹೋಗಿದೆಯೇನೋ ಅಂತ ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು, 101 ಸಮುದ್ರ ಮಟ್ಟದ ಲೆಕ್ಕ, ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಮಂಗಳೂರಿನಲ್ಲಿ ಇದೇ ಕಾರು 101 ತೋರಿಸುತ್ತದೆ, ಬೆಂಗಳೂರಿನಲ್ಲಿ 91 ಸರಿಯಾದ ಸಂಖ್ಯೆ. ಸ್ಟಾರ್ಟ್ ಮಾಡಿದಾಗ 34ರ ಆಸುಪಾಸಿಗೆ ಇಳಿಯಿತು. ಹೊರಗೆ 91, ಒಳಗೆ 34. ಆ ವ್ಯತ್ಯಾಸವೇ ಗಾಳಿಯನ್ನು ಬಿರುಕಿನೊಳಗೆ ತಳ್ಳುತ್ತಿರುವುದು.

ಇನ್ನೊಂದು ಗೊಂದಲವೂ ಇತ್ತು. ವ್ಯಾಕ್ಯೂಮ್ ಲೀಕ್ ಇದ್ದರೆ ಫ್ಯೂಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲಿನ ಲೆಕ್ಕಕ್ಕೆ ಮಾಡುವ ತಿದ್ದುಪಡಿ) ಶೇಕಡಾ 15, 20 ಅಂತ ಏರುತ್ತದೆ, ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಪಿ0171 ಕೋಡ್ ಬರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನ್ನದರಲ್ಲಿ ಟ್ರಿಮ್ 3, 4ರಲ್ಲೇ ಇತ್ತು, ಚೆಕ್ ಇಂಜಿನ್ ಲೈಟೂ ಇಲ್ಲ. ಇದಕ್ಕೆ ಕಾರಣ ಸೆನ್ಸರಿನ ಬಗೆ. ಮದುವೆ ಛತ್ರ ನೆನಪಿಸಿಕೊಳ್ಳಿ. ಒಳಬರುವ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರಿನಲ್ಲಿ ಲೆಕ್ಕ ಹಾಕುವವನು ಮುಂಬಾಗಿಲಲ್ಲಿ ನಿಂತಿರುತ್ತಾನೆ. ಹಿಂಬಾಗಿಲಿಂದ ಬಂದವರು ಅವನ ಲೆಕ್ಕಕ್ಕೆ ಸಿಗುವುದಿಲ್ಲ, ಪಂಕ್ತಿಯಲ್ಲಿ ಅನ್ನ ಸಾಲದೆ ಬರುತ್ತದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ. ಆಗ ಟ್ರಿಮ್ ಏರಿಸಿ ಸರಿದೂಗಿಸಬೇಕು. ನನ್ನ ಕಾರಿನಲ್ಲಿರುವುದು ಮ್ಯಾನಿಫೋಲ್ಡಿನೊಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಅದು ಬಾಗಿಲಲ್ಲಿ ನಿಲ್ಲುವುದಿಲ್ಲ, ಪಂಕ್ತಿಯಲ್ಲಿ ಎಲೆ ಎಣಿಸುತ್ತದೆ. ಎಲ್ಲಿಂದ ಬಂದರೂ ಲೆಕ್ಕಕ್ಕೆ ಸಿಕ್ಕರು, ಅಷ್ಟು ಪೆಟ್ರೋಲ್ ಬಡಿಸಿತು. ಗಾಳಿಯೂ ಜಾಸ್ತಿ, ಪೆಟ್ರೋಲೂ ಜಾಸ್ತಿ, ಹಾಗಾಗಿ ಐಡಲ್ ಏರಿತು. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಥ್ರಾಟಲ್ಲನ್ನು ಮುಚ್ಚುತ್ತಾ ಬಂದಿದೆ, ಕೊನೆಗೆ ಇನ್ನು ಮುಚ್ಚಲು ಜಾಗವೇ ಇಲ್ಲ, ಮುಳ್ಳು 1000 ದಾಟಿ ನಿಂತಿದೆ. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ.

ಮ್ಯಾನಿಫೋಲ್ಡಿಗೆ ಸೇರುವ ಪೈಪುಗಳಲ್ಲಿ ದಪ್ಪದ್ದು ಬ್ರೇಕ್ ಬೂಸ್ಟರಿನದ್ದು. ನನ್ನ ನಿದ್ದೆ ಹಾಳಾಗಿದ್ದು ಇಲ್ಲಿ. ಬೂಸ್ಟರ್ ಅಂದರೆ ಪೆಡಲ್ ಹಿಂದಿರುವ ದೊಡ್ಡ ಡಬ್ಬಿ, ಇದೇ ವ್ಯಾಕ್ಯೂಮ್ ಬಳಸಿ ನಮ್ಮ ಕಾಲಿನ ಬಲವನ್ನು ಹಲವು ಪಟ್ಟು ಮಾಡುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿದರೂ ಸುಯ್ ಅನ್ನುತ್ತದೆ, ಆಗ ಸದ್ದು ಪೆಡಲ್ ಹತ್ತಿರದಿಂದ ಬರುತ್ತದೆ, ತುಳಿದಾಗ ಬದಲಾಗುತ್ತದೆ. ಅದೇ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕುಣಿಗಲ್ ದಾಟಿ ಹೋಗಿ ಬಂದಿದ್ದೆ. ಮೆಕ್ಯಾನಿಕ್ ಹತ್ತಿರ ಹೋಗಿ ಬಂದ ಸಂಜೆಯೇ ಮೂರು ಪರೀಕ್ಷೆ ಮಾಡಿದೆ, ಯಾರು ಬೇಕಾದರೂ ಮಾಡಬಹುದು. ಇಂಜಿನ್ ಆಫ್ ಇಟ್ಟು ಪೆಡಲ್ ಕಲ್ಲಾಗುವ ತನಕ ಐದಾರು ಸಲ ತುಳಿದೆ, ತುಳಿದುಕೊಂಡೇ ಸ್ಟಾರ್ಟ್ ಮಾಡಿದೆ, ಕಾಲ ಕೆಳಗೆ ಪೆಡಲ್ ತಾನೇ ಸ್ವಲ್ಪ ಇಳಿಯಿತು. ಇಳಿಯಬೇಕು. ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ ನಿಧಾನವಾಗಿ ತುಳಿದೆ, ಮೊದಲ ಸಲ ಆಳಕ್ಕೆ ಹೋಯಿತು, ಎರಡನೇದು ಅದಕ್ಕಿಂತ ಮೇಲೆ, ಮೂರನೇದು ಇನ್ನೂ ಮೇಲೆ. ಅದೂ ಸರಿ. ಇಂಜಿನ್ ಓಡುವಾಗ ತುಳಿದು ಹಿಡಿದು, ಆಫ್ ಮಾಡಿ, ಅರ್ಧ ನಿಮಿಷ ಹಾಗೇ ಕೂತೆ. ಪೆಡಲ್ ಅಲ್ಲಾಡಲಿಲ್ಲ. ಬೂಸ್ಟರ್ ಗಟ್ಟಿಯಾಗಿತ್ತು. ಕೂತಲ್ಲೇ ಒಂದು ದೊಡ್ಡ ಉಸಿರು ಬಿಟ್ಟೆ.

ಮೆಕ್ಯಾನಿಕ್ ಹತ್ತಿರ ಅವತ್ತು ನಾಲ್ಕು ಗಾಡಿ ಸಾಲಿನಲ್ಲಿದ್ದವು. "ಲೀಕ್ ಆಗ್ತಿರೋ ಜಾಗ ಸಿಕ್ಕಿದ್ರೆ ಫೋನ್ ಮಾಡಿ, ಬಂದು ಹಾಕ್ಕೊಡ್ತೀನಿ" ಅಂದಿದ್ದರು. ಮುಂದಿನ ಶನಿವಾರ ಕಾರನ್ನು ಬೇಸ್‌ಮೆಂಟಿನಿಂದ ಹೊರಗೆ, ಪಕ್ಕದ ಖಾಲಿ ಸೈಟಿನ ಹತ್ತಿರ ನಿಲ್ಲಿಸಿದೆ. ಇದು ಮುಖ್ಯ. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸುತ್ತಾ ಕೆಲಸ ಮಾಡಬಾರದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ತೋಳು ಮಡಚಿಕೊಂಡು, ಬೆಲ್ಟ್ ಮತ್ತು ಫ್ಯಾನಿನಿಂದ ದೂರ.

ಮೊದಲು ಪೈಪುಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದೆ. ಒತ್ತಿದಾಗ ಸದ್ದು ನಿಂತರೆ ಲೀಕ್ ಆ ಪೈಪಿನ ಆಚೆ ಅಂತ ಅರ್ಥ. ಬೂಸ್ಟರ್ ಪೈಪ್ ಒತ್ತಿದೆ, ನಿಲ್ಲಲಿಲ್ಲ. ಹಾಗಾದರೆ ಇದಲ್ಲ ಅಂತ ಅದನ್ನು ಬಿಟ್ಟುಬಿಟ್ಟೆ, ಎರಡು ಗಂಟೆ ಹೋಗಿದ್ದು ಅಲ್ಲೇ. ಉಳಿದ ಸಣ್ಣ ಪೈಪುಗಳಲ್ಲೂ ನಿಲ್ಲದಿದ್ದಾಗ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟೇ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಹೋಗಿರಬೇಕು ಅನ್ನಿಸಿತು. ಅದಾಗಿದ್ದರೆ ಪೂರ್ತಿ ಮ್ಯಾನಿಫೋಲ್ಡ್ ಬಿಚ್ಚುವ ಕೆಲಸ. ಗಿಡಕ್ಕೆ ಸಿಂಪಡಿಸುವ ಬಾಟಲಿಯಲ್ಲಿ ನೀರು ತುಂಬಿ, ವೈರುಗಳ ಕನೆಕ್ಟರ್ ಮತ್ತು ಕಾಯಿಲ್ ಬಿಟ್ಟು, ಗ್ಯಾಸ್ಕೆಟ್ ಅಂಚಿಗೆ ಸಣ್ಣಗೆ ಹೊಡೆದೆ. ಬಿರುಕಿದ್ದರೆ ಗಾಳಿಯ ಜೊತೆ ನೀರೂ ಒಳಗೆ ಹೋಗಿ ಸದ್ದು ಒಂದು ಕ್ಷಣ ಬದಲಾಗುತ್ತದೆ. ಏನೂ ಆಗಲಿಲ್ಲ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ, ಕೆಲವರು ಊದುಬತ್ತಿ ಹಚ್ಚಿ ಹೊಗೆ ಎಲ್ಲಿಗೆ ಎಳೆಯುತ್ತದೆ ಅಂತ ನೋಡುತ್ತಾರೆ. ದಯವಿಟ್ಟು ಎರಡೂ ಬೇಡ. ಪಕ್ಕದಲ್ಲೇ ಪೆಟ್ರೋಲ್ ಪೈಪು, ಹಿಂದೆ ಕಾದ ಎಕ್ಸಾಸ್ಟ್. ನೀರು ಸಾಕು.

ಕೊನೆಗೆ ಗಿಡಕ್ಕೆ ನೀರು ಬಿಡುವ ಪೈಪಿನ ಎರಡಡಿ ತುಂಡೊಂದನ್ನು ತಂದು, ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಇಂಜಿನ್ ಮೇಲೆ ಆಡಿಸಿದೆ. ಬರಿಗಿವಿಗೆ ಸದ್ದು ಎಲ್ಲ ಕಡೆಯಿಂದ ಬಂದ ಹಾಗಿರುತ್ತದೆ. ಪೈಪ್ ಹಿಡಿದರೆ ಹಾಗಲ್ಲ, ಜಾಗಕ್ಕೆ ಬಂದಾಗ ಕಿವಿಯೊಳಗೇ ಕಿರುಚುತ್ತದೆ. ಕಿರುಚಿದ್ದು ಬೂಸ್ಟರ್ ಪೈಪ್ ಮ್ಯಾನಿಫೋಲ್ಡಿಗೆ ಸೇರುವ ಮೂತಿಯ ಹತ್ತಿರ, ಕೆಳಭಾಗದಲ್ಲಿ. ಕಣ್ಣು ಅಲ್ಲಿಗೆ ಹೋಗಲ್ಲ. ಫೋನಿನ ಟಾರ್ಚ್ ಹಾಕಿ, ಕೆಳಗಿನಿಂದ ವಿಡಿಯೋ ಮಾಡಿ, ಹೊರಗೆ ತೆಗೆದು ನೋಡಿದೆ. ಕ್ಲಿಪ್ಪಿನ ಅಂಚಿಗೆ ತಾಗಿಕೊಂಡು ಒಂದು ಬಿರುಕು, ಎರಡು ಸೆಂಟಿಮೀಟರ್ ಇರಬಹುದು. ರಬ್ಬರ್ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಕೆರೆಯ ತಳದ ಮಣ್ಣಿನ ಹಾಗೆ ಸುತ್ತಲೂ ಸಣ್ಣ ಸಣ್ಣ ಗೆರೆ, ನಡುವಿನ ಒಂದು ಗೆರೆ ಮಾತ್ರ ಆರಪಾರ ಹೋಗಿತ್ತು. ಬೆರಳ ತುದಿಗೆ ನೀರು ಅದ್ದಿ ಮುಟ್ಟಿಸಿದೆ. ಹನಿ ಅಂಚಿನಲ್ಲಿ ಅರೆಕ್ಷಣ ನಡುಗಿ ಸರಕ್ಕನೆ ಒಳಗೆ ಹೋಯಿತು, ಸುಯ್ ನಿಂತು ಗೊಳಗೊಳ ಅಂತು, ಮತ್ತೆ ಸುಯ್. ಬೆರಳಿನಿಂದ ಬಿರುಕು ಮುಚ್ಚಿ ಹಿಡಿದೆ. ಸದ್ದು ಪೂರ್ತಿ ನಿಂತಿತು, ಐಡಲ್ ಇಳಿಯಿತು. ಎಷ್ಟು ಖುಷಿಯಾಯಿತು ಅಂದರೆ ಆ ಬೆರಳು ತೆಗೆಯಲೇ ಮನಸ್ಸಿರಲಿಲ್ಲ.

ಆಮೇಲೆ ಎಲ್ಲ ಕೂಡಿ ಬಂತು. ನಾನು ಇಕ್ಕಳ ಹಾಕಿದ್ದು ಪೈಪಿನ ನಡುವೆ, ಬಿರುಕು ಇದ್ದಿದ್ದು ಅದಕ್ಕೂ ಮುಂಚೆ, ಮ್ಯಾನಿಫೋಲ್ಡ್ ಕಡೆ. ನಡುವೆ ಒತ್ತಿದರೆ ಈಚೆಗಿನ ಬಿರುಕು ಹೇಗೆ ನಿಲ್ಲುತ್ತದೆ? ಪೈಪಿನಲ್ಲಿ ಒಂದು ಚೆಕ್ ವಾಲ್ವ್ ಕೂಡ ಇದೆ, ಇಂಜಿನ್ ನಿಂತರೂ ಬೂಸ್ಟರಿನೊಳಗಿನ ವ್ಯಾಕ್ಯೂಮ್ ಹೋಗದ ಹಾಗೆ ತಡೆಯುವುದು. ಬಿರುಕು ಆ ವಾಲ್ವಿಗೂ ಬೂಸ್ಟರಿಗೂ ನಡುವೆ ಇದ್ದಿದ್ದರೆ ಆಫ್ ಮಾಡಿದ ಮೇಲೆ ಮೊದಲ ತುಳಿತಕ್ಕೇ ಪೆಡಲ್ ಕಲ್ಲಾಗಿರಬೇಕಿತ್ತು. ಆಗಿರಲಿಲ್ಲ. ಅಂದರೆ ಪೆಡಲ್ ಪರೀಕ್ಷೆಯಲ್ಲೇ ಅರ್ಧ ಉತ್ತರ ಇತ್ತು.

ಟೇಪ್ ಸುತ್ತಿ, ಎಂ-ಸೀಲ್ ಹಚ್ಚಿ ಓಡಿಸುವವರನ್ನು ನೋಡಿದ್ದೇನೆ. ಬ್ರೇಕಿಗೆ ಸಂಬಂಧಪಟ್ಟ ಪೈಪಿಗೆ ಅದು ಬೇಡ. ಬಿರುಕು ಪೂರ್ತಿ ಬಾಯಿಬಿಟ್ಟರೆ ಬೂಸ್ಟರಿನ ಸಹಾಯ ಹೋಗುತ್ತದೆ, ಬ್ರೇಕ್ ಹಿಡಿಯುತ್ತದೆ ನಿಜ, ಆದರೆ ಎರಡು ಕಾಲಿನ ಬಲ ಹಾಕಿ ತುಳಿಯಬೇಕಾಗುತ್ತದೆ. ಸಾಮಾನ್ಯ ನೀರಿನ ಪೈಪೂ ಆಗಲ್ಲ, ವ್ಯಾಕ್ಯೂಮಿಗೆ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಪೈಪ್ ಬಿಚ್ಚಿ, ಕಾರನ್ನು ಅಲ್ಲೇ ಬಿಟ್ಟು, ಸೋಮವಾರ ಅರ್ಧ ದಿನ ರಜೆ ಹಾಕಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಜೆ.ಸಿ. ರೋಡಿಗೆ ನಡೆದೆ. ಅಲ್ಲಿ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಒಂದೇ, "ಹಳೇ ಸ್ಯಾಂಪಲ್ ತಂದಿದೀರಾ?" ತಂದಿದ್ದೆ. ಮೊದಲ ಅಂಗಡಿಯಲ್ಲಿ ಮೀಟರ್ ಲೆಕ್ಕದ ಪೈಪ್ ಕತ್ತರಿಸಿಕೊಡುತ್ತೇನೆ ಅಂದರು, ಬೇಡ ಅಂದೆ. ನಾಲ್ಕನೇ ಅಂಗಡಿಯಲ್ಲಿ ವಾಲ್ವ್ ಸಮೇತ ಅದೇ ಬಾಗು ಇರುವ ಒರಿಜಿನಲ್ ಪೈಪ್ ಸಿಕ್ಕಿತು, 680 ರೂಪಾಯಿ. ಎರಡು ಹೊಸ ಕ್ಲಿಪ್ಪೂ ತಗೊಂಡೆ.

ಸಂಜೆ ಮೆಕ್ಯಾನಿಕ್ ಬಂದು ಹತ್ತೇ ನಿಮಿಷದಲ್ಲಿ ಹಾಕಿದರು. ವಾಲ್ವಿನ ಮೇಲೆ ಬಾಣದ ಗುರುತಿರುತ್ತದೆ, ಅದು ಇಂಜಿನ್ ಕಡೆಗೇ ಇರಬೇಕು, ಉಲ್ಟಾ ಹಾಕಿದರೆ ಬೂಸ್ಟರ್ ಕೆಲಸ ಮಾಡಲ್ಲ. ಕ್ಲಿಪ್ಪನ್ನು ಪೈಪಿನ ತುದಿಯಿಂದ ಸ್ವಲ್ಪ ಒಳಗೆ, ಮೂತಿಯ ಉಬ್ಬು ದಾಟಿ ಕೂರಿಸಿದರು. ಹಳೆಯ ಪೈಪನ್ನು ಬಗ್ಗಿಸಿ ನೋಡಿ, ಬಿರುಕಿನೊಳಗೆ ಉಗುರು ತೂರಿಸಿ, "ಇನ್ನೊಂದು ತಿಂಗಳು ಬಿಟ್ಟಿದ್ರೆ ತುಂಡೇ ಆಗ್ತಿತ್ತು ಸಾರ್" ಅಂದರು. 300 ರೂಪಾಯಿ ಕೊಟ್ಟೆ, ಅಮ್ಮ ಕಾಫಿ ಕೊಟ್ಟರು.

ಸ್ಟಾರ್ಟ್ ಮಾಡಿದಾಗ ಮುಳ್ಳು ಮೊದಲು ಕೆಳಕ್ಕೆ ಬಿದ್ದು ಇಂಜಿನ್ ನಡುಗಿತು, ಗಾಬರಿಯಾಯಿತು. ಇಸಿಯು ಇನ್ನೂ ಹಳೆಯ ಲೆಕ್ಕದಲ್ಲಿ ಥ್ರಾಟಲ್ ಮುಚ್ಚಿಕೊಂಡೇ ಇತ್ತು, ಅಷ್ಟೇ. ಹತ್ತು ನಿಮಿಷ ಬಿಟ್ಟ ಮೇಲೆ ತಾನೇ ಹೊಂದಿಕೊಂಡು 760ಕ್ಕೆ ಬಂದು ನಿಂತಿತು. ಮೂರು ಪೆಡಲ್ ಪರೀಕ್ಷೆ ಮತ್ತೊಮ್ಮೆ ಮಾಡಿದೆ, ಆಮೇಲೆ ಲೇಔಟಿನೊಳಗೆ ಎರಡು ಸುತ್ತು ನಿಧಾನವಾಗಿ ಓಡಿಸಿ, ಆಮೇಲೇ ಮಾಗಡಿ ರೋಡಿಗೆ ಇಳಿದೆ. ಈಗಲೂ ಬ್ರೇಕ್ ತುಳಿದಾಗ ಪೆಡಲ್ ಹತ್ತಿರ ಒಂದು ಚಿಕ್ಕ ಸುಯ್ ಬಂದು ತಕ್ಷಣ ನಿಲ್ಲುತ್ತದೆ. ಅದು ಬೂಸ್ಟರಿನೊಳಗೆ ಗಾಳಿ ಹೋಗುವ ಸದ್ದು, ಇರಬೇಕಾದ್ದೇ.

ನಿನ್ನೆ ಪಿಸಿವಿ ಹೋಸನ್ನು, ಅಂದರೆ ಇಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪೈಪನ್ನು, ಬೆರಳಲ್ಲಿ ಒತ್ತಿ ನೋಡಿದೆ. ಅದೂ 2014ರದ್ದೇ, ಮೆತ್ತಗಿರಬೇಕಾದ ರಬ್ಬರ್ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದೆ, ಬಾಗಿದ ಕಡೆ ಸಣ್ಣ ಗೆರೆಗಳು ಶುರುವಾಗಿವೆ. ನಾಲ್ಕನೇ ಅಂಗಡಿಯವರಿಗೆ ಫೋನ್ ಮಾಡಿದೆ. ಗುರುವಾರ ಬರುತ್ತದಂತೆ.